ಚಿಮಣಿ ಎಣ್ಣೆ, ಲಾರಿ ಬಾಡಿಗೆ ಮತ್ತು ರಾಕ್‌ಫೆಲ್ಲರ್

ಪ್ರಶ್ನೆ: ಎಣ್ಣೆ ಕಂಪನಿಯ ಒಡೆಯ ರಾಕ್‌ಫೆಲ್ಲರ್ ಕಾಲದಲ್ಲಿ ಅಮೆರಿಕದಲ್ಲಿ ಸೀಮೆಎಣ್ಣೆ ಬೆಲೆ ಇಳಿಯಿತು ಅಂತ ಮಗಳ ಪುಸ್ತಕದಲ್ಲಿದೆ. ಅದೇ ಪುಟದಲ್ಲಿ ಅವನನ್ನು ಲೂಟಿಕೋರ ದೊರೆ ಅಂತಲೂ ಕರೆದಿದ್ದಾರೆ. ಅಗ್ಗಕ್ಕೆ ಕೊಟ್ಟವನು ಲೂಟಿಕೋರ ಹೇಗಾಗುತ್ತಾನೆ? ಮಗಳಿಗೆ ಹೇಳಲು ಹೋಗಿ ನಾನೇ ಗೊಂದಲಕ್ಕೆ ಬಿದ್ದೆ.
– ಓದುಗರು, ಕುಮಟಾ

ಉತ್ತರ: ಬೆಲೆ ಇಳಿದದ್ದು ನಿಜ. 1870ರಲ್ಲಿ ಗ್ಯಾಲನ್‌ಗೆ 26 ಸೆಂಟ್ ಆಸುಪಾಸು ಇದ್ದ ಎಣ್ಣೆ, 1885ರ ಹೊತ್ತಿಗೆ 8 ಸೆಂಟ್ ಆಸುಪಾಸಿಗೆ ಬಂದಿತ್ತು. ಆತನನ್ನು ಬೈಯುವವರು ಈ ಲೆಕ್ಕವನ್ನು ಸುಮ್ನೆ ನುಂಗಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ.

ಮನುಷ್ಯ ಮಹಾ ಲೆಕ್ಕಾಚಾರದವನು. ಐದು ಗ್ಯಾಲನ್‌ನ ತಗಡಿನ ಡಬ್ಬಕ್ಕೆ ಎಣ್ಣೆ ತುಂಬುವ ಕಾರ್ಖಾನೆಗೆ ಒಮ್ಮೆ ಹೋಗಿದ್ದನಂತೆ. ಮುಚ್ಚಳಕ್ಕೆ ಬೆಸುಗೆ ಹಾಕುತ್ತಿದ್ದರು. ಒಂದಕ್ಕೆ ಎಷ್ಟು ಹನಿ ಅಂತ ಕೇಳಿದ. ನಲವತ್ತು. ಮೂವತ್ತೆಂಟು ಹಾಕಿ ನೋಡಿ ಅಂದ. ಕೆಲವು ಡಬ್ಬ ಸೋರಿದವು. ಮೂವತ್ತೊಂಬತ್ತಕ್ಕೆ ಒಂದೂ ಸೋರಲಿಲ್ಲ. ಆ ಒಂದು ಹನಿಯಲ್ಲಿ ಮೊದಲ ವರ್ಷವೇ 2,500 ಡಾಲರ್ ಉಳಿಯಿತು ಅಂತ ಆತನೇ ಹೇಳಿಕೊಂಡಿದ್ದಾನೆ. ಅಂಥ ಡಬ್ಬಗಳೇ ಹಡಗು ಹತ್ತಿ ಹಿಂದೂಸ್ಥಾನಕ್ಕೂ ಬಂದವು. ಎಣ್ಣೆ ಮುಗಿದ ಡಬ್ಬಕ್ಕೆ ಅಡ್ಡ ಕೋಲು ಬಡಿದರೆ ನೀರು ಹೊರಲಿಕ್ಕಾಯಿತು. ನಮ್ಮ ಬಚ್ಚಲಲ್ಲೂ ಅಂಥದೊಂದು ಇತ್ತು.

ಇಲ್ಲಿಯವರೆಗೆ ಅವನ ಮೇಲೆ ನನ್ನ ತಕರಾರಿಲ್ಲ. ತಕರಾರು ರೈಲು ಬಾಡಿಗೆಯದು. ಅದಕ್ಕೆ ಮೊದಲು ನಮ್ಮ ಅಂಗಡಿ ಕತೆ ಹೇಳಬೇಕು.

ಅಪ್ಪಯ್ಯನದು ಶಿರಸಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಚಿಮಣಿ ಎಣ್ಣೆ, ಬೆಲ್ಲ, ಉಪ್ಪು, ಬೆಂಕಿಪೊಟ್ಟಣ. ಸಾಮಾನು ಹುಬ್ಬಳ್ಳಿಯಿಂದ ಲಾರಿಯಲ್ಲಿ ಬರುತ್ತಿತ್ತು. ಪೇಟೆಯ ದೊಡ್ಡ ಸಗಟು ವ್ಯಾಪಾರಿಗೂ ಅದೇ ಲಾರಿ. ಅವರ ಚೀಲಕ್ಕೆ ಬಾಡಿಗೆ ಕಡಿಮೆ, ನಮ್ಮ ಚೀಲಕ್ಕೆ ಜಾಸ್ತಿ. ಜಾಸ್ತಿ ಮಾಲು ತರಿಸುವವರಿಗೆ ಸೋಡಿ ಇದ್ದದ್ದೇ ಬಿಡು ಅಂತ ಅಪ್ಪಯ್ಯ ಸುಮ್ಮನಿದ್ದ. ಆಮೇಲೆ ಗೊತ್ತಾಯಿತು, ನಮಗೆ ಯಾವತ್ತು ಎಷ್ಟು ಚೀಲ ಬೆಲ್ಲ ಇಳಿಯುತ್ತದೆ ಅನ್ನುವುದನ್ನೂ ಲಾರಿಯವನು ಅವರಿಗೆ ಹೇಳುತ್ತಿದ್ದ. ನಮ್ಮ ಬೆಲ್ಲ ಇಳಿದ ದಿನವೇ ಅವರ ಬೆಲ್ಲದ ರೇಟೂ ಇಳಿಯುತ್ತಿತ್ತು. ಎರಡು ಮಳೆಗಾಲ ತಡೆದುಕೊಂಡು ಅಪ್ಪಯ್ಯ ಬೆಲ್ಲ ಮಾರುವುದನ್ನೇ ಬಿಟ್ಟ. ಗಿರಾಕಿಗಳಿಗೆ ಆ ಎರಡು ವರ್ಷ ಅಗ್ಗದ ಬೆಲ್ಲ ಸಿಕ್ಕಿತು, ಅದೂ ನಿಜವೇ.

ಈಗ ಕ್ಲೀವ್‌ಲ್ಯಾಂಡಿಗೆ ಬನ್ನಿ. ರಾಕ್‌ಫೆಲ್ಲರ್ ಅಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕಟ್ಟಿದ್ದು 1870ರಲ್ಲಿ. ಎರಡೇ ವರ್ಷಕ್ಕೆ, ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಅನ್ನುವ ಮುಖವಾಡ ಹಾಕಿಕೊಂಡು, ದೊಡ್ಡ ರೈಲ್ವೆ ಕಂಪನಿಗಳ ಜೊತೆ ಗುಟ್ಟಿನ ಕರಾರಾಯಿತು. ಅದರಲ್ಲಿದ್ದದ್ದು ಇಷ್ಟು. ಬಾವಿಯಿಂದ ಕ್ಲೀವ್‌ಲ್ಯಾಂಡಿಗೆ ಒಂದು ಪೀಪಾಯಿ ಕಚ್ಚಾ ಎಣ್ಣೆ ತರಲು ಹೊರಗಿನವರಿಗೆ ಬಾಡಿಗೆ 80 ಸೆಂಟ್. ಈ ಮುಖವಾಡದ ಹಿಂದಿನ ಕೂಟದವರಿಗೆ 40 ಸೆಂಟ್. ಇದು ಬರೀ ಸೋಡಿ, ನಮ್ಮ ಲಾರಿಯವನೂ ಕೊಡುತ್ತಿದ್ದ. ಹೊಸದು ಮುಂದಿದೆ. ಹೊರಗಿನವನು ಕಟ್ಟಿದ 80 ಸೆಂಟಿನಲ್ಲಿ 40 ಸೆಂಟನ್ನು ರೈಲಿನವರು ಈ ಕೂಟಕ್ಕೇ ತಲುಪಿಸಬೇಕು! ಅಂದರೆ ಎದುರಾಳಿ ಪೀಪಾಯಿ ಹೇರಿದಷ್ಟೂ ಇವರ ಗಲ್ಲಾಪೆಟ್ಟಿಗೆಗೆ ದುಡ್ಡು. ಜೊತೆಗೆ ಯಾರು ಎಷ್ಟು ಮಾಲು ಎಲ್ಲಿಗೆ ಕಳಿಸಿದರು ಅನ್ನುವ ಚೀಟಿಯ ವಿವರವೂ ಇವರಿಗೆ ಸಿಗಬೇಕು. ಅದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಪ್ಪಯ್ಯನ ಬೆಲ್ಲವೇ.

ಗುಟ್ಟು ಹೊರಬಿದ್ದು ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಯವರು ಬೀದಿಗಿಳಿದರು. ಕರಾರು ಜಾರಿಗೆ ಬರುವ ಮೊದಲೇ ಸತ್ತಿತು. ಆದರೆ ಹೆದರಿಸಲು ಅದು ಜಾರಿಗೆ ಬರಬೇಕಿರಲಿಲ್ಲ. 1872ರ ಫೆಬ್ರವರಿ, ಮಾರ್ಚ್ ಎರಡೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನ 26 ಎದುರಾಳಿಗಳಲ್ಲಿ 22 ಮಂದಿ ಕಾರ್ಖಾನೆಯನ್ನು ಅವನಿಗೇ ಮಾರಿದರು. 1880ರ ಹೊತ್ತಿಗೆ ಅಮೆರಿಕದಲ್ಲಿ ಶುದ್ಧವಾಗುತ್ತಿದ್ದ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಅವನ ಕೈಯಲ್ಲಿತ್ತು.

ಆಗ ಬೀದಿಗಿಳಿದ ಸೀಮೆಯಲ್ಲೇ ಎಣ್ಣೆ ತುಂಬಿಡುವ ಮರದ ದೊಡ್ಡ ತೊಟ್ಟಿ ಮಾಡುತ್ತಿದ್ದವನ ಮಗಳೊಬ್ಬಳಿದ್ದಳು, ಐಡಾ ಟಾರ್ಬೆಲ್. ಮೂವತ್ತು ವರ್ಷದ ಮೇಲೆ, 1902ರಿಂದ 1904ರವರೆಗೆ, ಕೋರ್ಟಿನ ಕಾಗದಪತ್ರ ಹುಡುಕಿ ತೆಗೆದು ಈ ಕತೆಯನ್ನು ಮಾಸಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಬರೆದಳು. 1911ರಲ್ಲಿ ಸುಪ್ರೀಂ ಕೋರ್ಟು ಕಂಪನಿಯನ್ನು 34 ಹೋಳು ಮಾಡಿಸಿತು. ಹೋಳುಗಳ ಶೇರು ಏರಿ ರಾಕ್‌ಫೆಲ್ಲರ್ ಇನ್ನಷ್ಟು ಶ್ರೀಮಂತನಾದ, ಅದು ಬೇರೆ ಮಾತು.

ಮಗಳಿಗೆ ಬೆಸುಗೆಯ ಹನಿಯ ಕತೆಯನ್ನೂ ಹೇಳಿ, ಆ 40 ಸೆಂಟಿನ ಕತೆಯನ್ನೂ ಹೇಳಿ. ಎರಡೂ ಒಬ್ಬನದೇ. ಹನಿ ಉಳಿಸಿದ್ದು ಜಾಣತನ. ಎದುರಾಳಿಯ ಬಾಡಿಗೆಯಲ್ಲಿ ಪಾಲು ಕೇಳಿದ್ದಕ್ಕೆ ನನ್ನ ಹತ್ತಿರ ಬೇರೆ ಹೆಸರಿದೆ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಪ್ರಶ್ನೆ: ಅಮೆರಿಕದ ಈ ಲೂಟಿಕೋರ ದೊರೆಗಳೆಲ್ಲ ರೈಲು, ಎಣ್ಣೆ, ಉಕ್ಕಿನವರೇ? ನಮ್ಮಂಥ ಕರಾವಳಿಯವರಿಗೆ ಗೊತ್ತಾಗುವ ದಂಧೆಯವರು ಯಾರೂ ಇಲ್ಲವೇ?
– ವಿದ್ಯಾರ್ಥಿ, ಕಾರವಾರ

ಉತ್ತರ: ಇದ್ದಾನೆ. ಮುಂದೆ ರೈಲ್ವೆ ದೊರೆಯಾದ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಶುರು ಮಾಡಿದ್ದೇ ದೋಣಿಯಿಂದ. 1810ರಲ್ಲಿ, ಹದಿನಾರರ ಹುಡುಗ, ತಾಯಿಯಿಂದ 100 ಡಾಲರ್ ಸಾಲ ತೆಗೆದುಕೊಂಡು ಹಾಯಿದೋಣಿ ಕೊಂಡ. ಸ್ಟೇಟನ್ ದ್ವೀಪದಿಂದ ನ್ಯೂಯಾರ್ಕಿಗೆ ಜನರನ್ನು ದಾಟಿಸತೊಡಗಿದ. ಕಾಳಿ ಹೊಳೆಗೆ ಸೇತುವೆ ಆಗುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ದಾಟಿಸುತ್ತಿದ್ದರಲ್ಲ, ಅಂಥದ್ದೇ ಕೆಲಸ.

ಆಗ ನ್ಯೂಯಾರ್ಕಿನ ನೀರಿನಲ್ಲಿ ಉಗಿದೋಣಿ ಓಡಿಸುವ ಹಕ್ಕು ಸರ್ಕಾರದಿಂದ ಬರೆಸಿಕೊಂಡ ಕೆಲವರದೇ ಆಗಿತ್ತು. ಆ ಹಕ್ಕನ್ನು ಧಿಕ್ಕರಿಸಿದ ಮಾಲೀಕನ ದೋಣಿಗೆ ಇವನೇ ಕ್ಯಾಪ್ಟನ್. 1824ರಲ್ಲಿ ಸುಪ್ರೀಂ ಕೋರ್ಟು ಆ ಏಕಸ್ವಾಮ್ಯವನ್ನು ಮುರಿಯಿತು. ಹತ್ತು ವರ್ಷದ ಮೇಲೆ ಹಡ್ಸನ್ ನದಿಯಲ್ಲಿ ಇವನದೇ ದೋಣಿಗಳು. ಟಿಕೆಟ್ ದರ ಎಷ್ಟು ಇಳಿಸಿದನೆಂದರೆ, ಅಲ್ಲಿನ ದೋಣಿ ಮಾಲೀಕರ ಕೂಟ ಕೈಮುಗಿದು 1,00,000 ಡಾಲರ್ ಜೊತೆಗೆ ವರ್ಷಕ್ಕೆ 5,000 ಡಾಲರ್ ಕೊಟ್ಟು, ಹತ್ತು ವರ್ಷ ಈ ಕಡೆ ಬರಬೇಡ ಮಾರಾಯ ಅಂತ ಕಳಿಸಿತು. ಪೈಪೋಟಿಯ ಹುಲಿ ದುಡ್ಡು ಎಣಿಸಿಕೊಂಡು ಬೇರೆ ನೀರಿಗೆ ಹೋಯಿತು. ಪ್ರಯಾಣಿಕರ ಅಗ್ಗದ ಟಿಕೆಟ್ಟೂ ಅವನ ಜೊತೆಗೇ ಹೋಯಿತು.

ಪ್ರಶ್ನೆ: ಕೂಟ ಕಟ್ಟಿ ಬೆಲೆ ಹಿಡಿಯುವುದು ತಪ್ಪಾದರೆ, ಅಡಿಕೆ ಬೆಳೆಗಾರರ ಸೊಸೈಟಿಯೂ ತಪ್ಪೇ ಅಲ್ವಾ? ತಮಾಷೆಗೆ ಕೇಳುತ್ತಿಲ್ಲ.
– ಬೆಳೆಗಾರರು, ಸಿದ್ದಾಪುರ

ಉತ್ತರ: ಅಮೆರಿಕದ ರೈತರಿಗೂ ಇದೇ ಹೆದರಿಕೆ ಇತ್ತು. ಏಕಸ್ವಾಮ್ಯದ ವಿರುದ್ಧ 1890ರಲ್ಲಿ ಬಂದ ಶರ್ಮನ್ ಕಾಯ್ದೆಯನ್ನು ದೊಡ್ಡ ಕಂಪನಿಗಳಿಗಿಂತ ಮೊದಲು ಚೆನ್ನಾಗಿ ಬಳಸಿದ್ದು ಮುಷ್ಕರ ಹೂಡಿದ ರೈಲ್ವೆ ಕೆಲಸಗಾರರ ಮೇಲೆ. ನಾಳೆ ನಮ್ಮ ಮೇಲೂ ಬರಬಹುದು ಅಂತ ರೈತರು ಪಟ್ಟು ಹಿಡಿದರು. 1922ರಲ್ಲಿ ಕ್ಯಾಪರ್–ವೋಲ್‌ಸ್ಟೆಡ್ ಕಾಯ್ದೆ ಬಂತು. ಬೆಳೆದವರು ಒಟ್ಟಾಗಿ ಮಾರಬಹುದು, ಆದರೆ ಬೆಲೆಯನ್ನು ಅತಿಯಾಗಿ ಏರಿಸಿದರೆ ಕೃಷಿ ಇಲಾಖೆ ಕೈ ಹಾಕಬಹುದು ಅಂತ ಬರೆದರು. ಮರುವರ್ಷವೇ, 1923ರಲ್ಲಿ, ಶಿರಸಿಯಲ್ಲಿ ನಮ್ಮ ತೋಟಗಾರರ ಸೇಲ್ ಸೊಸೈಟಿ ಹುಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲ, ವರ್ಷಗಳು ಅಕ್ಕಪಕ್ಕ ಬಂದವು ಅಷ್ಟೆ. ಮಳೆಗಾಲದಲ್ಲಿ ಮುಂಗಡ ಕೊಟ್ಟವನೇ ಸುಗ್ಗಿಯಲ್ಲಿ ದರ ಹೇಳುತ್ತಿದ್ದ ಕಾಲ ಅದು.

ಹೋದ ಸುಗ್ಗಿಯಲ್ಲಿ ಸೊಸೈಟಿಯ ಅಡಿಕೆ ಟೆಂಡರ್ ನೋಡಲು ಹೋಗಿದ್ದೆ. ಸಾಲಾಗಿ ಅಡಿಕೆ ರಾಶಿ, ವ್ಯಾಪಾರಿಗಳು ಕೈಯಲ್ಲಿ ನಾಲ್ಕು ಕಾಯಿ ಹಿಡಿದು ಕಚ್ಚಿ, ಉಗುಳಿ, ದರ ಬರೆಯುತ್ತಿದ್ದರು. ಒಬ್ಬ ಬೆಳೆಗಾರರು ತಮ್ಮ ಚಾಲಿ ಅಡಿಕೆಗೆ ಬಿದ್ದ ದರ ನೋಡಿದರು. ಕವಳ ಉಗುಳಿ ಬಂದು, "ಇವತ್ತು ಬೇಡ" ಅಂದರು. ಹಮಾಲಿಯವನು ಏನೂ ಕೇಳದೆ ಚೀಲದ ಬಾಯಿ ಕಟ್ಟಿದ.