8,000ದ ಮ್ಯಾಂಡೊಲಿನ್‌ಗೆ 6,500ರ ಸಾಮಾನು ಹಾಕಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಹೋದ ವರ್ಷ 8,000 ರೂಪಾಯಿ ಕೊಟ್ಟು ಒಂದು ಮ್ಯಾಂಡೊಲಿನ್ ತಗೊಂಡೆ. ನಾದ ಇಷ್ಟವಾಗಿದೆ, ಆದರೆ ಎರಡು ಹಾಡು ನುಡಿಸುವಷ್ಟರಲ್ಲಿ ಶ್ರುತಿ ಬಿಟ್ಟುಹೋಗುತ್ತದೆ. ಮೊದಲ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಕಂಬಿ) ಒತ್ತುವುದೇ ಕಷ್ಟ, ಮೇಲಿನ ಸ್ವರಗಳು ಅಪಸ್ವರವಾಗಿ ಕೇಳುತ್ತವೆ. ಅಂಗಡಿಯವರು ಕೀ (ತಂತಿ ಬಿಗಿಯುವ ತಿರುಗಣೆ), ಬ್ರಿಡ್ಜ್ (ತಂತಿಗಳನ್ನು ಹೊತ್ತ ಕುದುರೆ), ಟೇಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸುವ ತುಂಡು) ಮೂರನ್ನೂ ಬದಲಾಯಿಸಿ, 6,500 ಆಗುತ್ತೆ ಅಂದರು. ಮಾಡಿಸಲಾ, ಇಲ್ಲಾ ಆ ದುಡ್ಡು ಕೂಡಿಟ್ಟು ಬೇರೆ ತಗೊಳ್ಳಲಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಈಗಲೇ ಎರಡೂ ಬೇಡ. ನಾದ ಇಷ್ಟವಾಗಿದೆ ಅಂದಿರಲ್ಲ, ಅದೇ ದೊಡ್ಡದು. ಅದು ಮರದಿಂದ ಬರುವಂಥದ್ದು, ಬಿಡಿಭಾಗ ಹಾಕಿ ತರಿಸೋದು ಕಷ್ಟ. ನೀವು ಹೇಳಿದ ಮೂರು ತೊಂದರೆಯಲ್ಲೂ ನನಗೆ ಮೊದಲು ಅನುಮಾನ ಬರುವುದು ಸೆಟಪ್ ಮೇಲೆ, ಅಂದರೆ ತಂತಿ, ಬ್ರಿಡ್ಜ್ ಎಲ್ಲವನ್ನೂ ಹೊಂದಿಸಿರುವ ರೀತಿಯ ಮೇಲೆ. ಕಡಿಮೆ ಬೆಲೆಯ ವಾದ್ಯಗಳು ಎಷ್ಟೋ ಸಲ ಸರಿಯಾಗಿ ಸೆಟಪ್ ಆಗದೆಯೇ ನಮ್ಮ ಕೈಗೆ ಬರುತ್ತವೆ.

ಶ್ರುತಿ ಬಿಡುವುದನ್ನೇ ತಗೊಳ್ಳಿ. ಎಲ್ಲರೂ ಕೀಗಳನ್ನೇ ಬೈಯುತ್ತಾರೆ. ಆದರೆ ಕೀ ತಿರುಗಿಸುವಾಗ ಸ್ವಲ್ಪ ಹೊತ್ತು ಸ್ವರ ಏರದೆ, ಆಮೇಲೆ ಟಿಕ್ ಅಂತ ಸದ್ದಾಗಿ ಒಮ್ಮೆಲೇ ಜಿಗಿದರೆ, ತಂತಿ ಸಿಕ್ಕಿಕೊಂಡಿರುವುದು ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಕಚ್ಚಿನಲ್ಲಿ. ತಂತಿ ಸಡಿಲಿಸಿ ಆ ಕಚ್ಚಿನೊಳಗೆ ಪೆನ್ಸಿಲ್ ಸೀಸ ಚೆನ್ನಾಗಿ ಉಜ್ಜಿ, ಮತ್ತೆ ಬಿಗಿದು ನೋಡಿ. ಹಾಗಲ್ಲದೆ ಕೀ ತಿರುಗಿದರೂ ತಂತಿ ಸುತ್ತಿದ ಕಡ್ಡಿ ಅಲುಗದಿದ್ದರೆ ಅಥವಾ ಗೇರ್ ಲೊಡಲೊಡ ಅಂದರೆ ಆಗ ತಪ್ಪು ಕೀದು. ಆಗಲೂ ಮೊದಲು ಗೇರ್‌ನ ಸಣ್ಣ ಸ್ಕ್ರೂ ಬಿಗಿ ಮಾಡಿ, ಹೊಲಿಗೆ ಮಿಷಿನ್ ಎಣ್ಣೆ ಒಂದೇ ಹನಿ ಬಿಡಿ. ಇನ್ನೊಂದು, ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿಯೇ ಸೇರಿಸಿ. ಮೇಲಿಂದ ಇಳಿಸಿ ನಿಲ್ಲಿಸಿದರೆ ಗೇರ್‌ನ ಸಡಿಲ ಹಾಗೇ ಉಳಿದು ಸ್ವರ ಜಾರುತ್ತದೆ. ಅಂದಹಾಗೆ ತಂತಿ ಬದಲಾಯಿಸಿ ಎಷ್ಟು ದಿನವಾಯಿತು? ತಗೊಂಡಾಗಿನದ್ದೇ ಇದ್ದರೆ, ಮೊದಲು ಅದನ್ನು ಬದಲಾಯಿಸಿ.

ಮೊದಲ ಫ್ರೆಟ್ ಗಟ್ಟಿ ಅನ್ನುವುದೂ ಹೆಚ್ಚಾಗಿ ನಟ್‌ನದೇ ಕತೆ. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ ಕಂಬಿಗೂ ತಂತಿಗೂ ನಡುವೆ ಎಷ್ಟು ಸಂದಿದೆ ನೋಡಿ. ಕೂದಲೆಳೆಯಷ್ಟಿದ್ದರೆ ಸರಿ. ಜಾಸ್ತಿ ಇದ್ದರೆ ಕಚ್ಚನ್ನು ಸಣ್ಣ ಅರದಿಂದ ತುಸು ಆಳ ಮಾಡಬೇಕು. ಇದನ್ನು ದಯವಿಟ್ಟು ನೀವೇ ಮಾಡಬೇಡಿ, ಒಂದೆಳೆ ಜಾಸ್ತಿ ಹೋದರೂ ತಂತಿ ಫ್ರೆಟ್‌ಗೆ ತಾಗಿ ಝುಂಯ್ ಅನ್ನುತ್ತದೆ, ಹೊಸ ನಟ್ಟೇ ಹಾಕಬೇಕಾಗುತ್ತದೆ. ಮೈಸೂರಿನಲ್ಲಿ ವೀಣೆ, ಗಿಟಾರ್ ರಿಪೇರಿ ಮಾಡುವವರಿದ್ದಾರೆ, ಮಂಡ್ಯದಿಂದ ರೈಲು ಹತ್ತಿದರೆ ಎಷ್ಟು ಹೊತ್ತು, ತಗೊಂಡು ಬನ್ನಿ.

ಇನ್ನು ಮೇಲಿನ ಸ್ವರಗಳು. ನಿಮ್ಮದು ಮಾಮೂಲಿ ಮಾದರಿಯದಾದರೆ ಬ್ರಿಡ್ಜನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡಕ್ಕೇ ಅದು ನಿಂತಿರುತ್ತದೆ. ನಾಲ್ಕು ಜೋಡಿಯ ಎಂಟೂ ತಂತಿ ಸೇರಿ ಸುಮಾರು 70–80 ಕೆ.ಜಿ.ಯ ಎಳೆತ ಇರುತ್ತದೆ. ಎಂಟನ್ನೂ ಒಟ್ಟಿಗೆ ಬಿಚ್ಚಿ ಹೊಸದು ಹಾಕುವಾಗ ಬ್ರಿಡ್ಜ್ ಸರಿಯುತ್ತದೆ, ಅಲ್ಲಿಂದ ಅಪಸ್ವರ ಶುರು. ಅದಕ್ಕೇ ತಂತಿಯನ್ನು ಒಂದೊಂದಾಗಿ ಬದಲಾಯಿಸಬೇಕು. ಈಗ ಸರಿ ಮಾಡುವುದು ಹೀಗೆ: 12ನೇ ಫ್ರೆಟ್ ಕಂಬಿಯ ನೇರಕ್ಕೆ ತಂತಿಯನ್ನು ಒತ್ತದೆ ಸುಮ್ನೆ ಬೆರಳು ತಾಗಿಸಿ ಮೀಟಿ, ಆಮೇಲೆ ಅದೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಫೋನಿನ ಟ್ಯೂನರ್ ಆ್ಯಪ್ ಸಾಕು. ಒತ್ತಿದ ಸ್ವರ ಏರಿದ್ದರೆ ತಂತಿ ಸ್ವಲ್ಪ ಸಡಿಲಿಸಿ ಬ್ರಿಡ್ಜನ್ನು ಟೇಲ್‌ಪೀಸ್ ಕಡೆಗೆ ಸರಿಸಿ, ಇಳಿದಿದ್ದರೆ ಕುತ್ತಿಗೆ ಕಡೆಗೆ. ಖರ್ಚಿಲ್ಲದ ಕೆಲಸ.

ಇಷ್ಟಾದ ಮೇಲೂ ದುಡ್ಡು ಹಾಕಬೇಕು ಅನ್ನಿಸಿದರೆ ನನ್ನ ಓಟು ಬ್ರಿಡ್ಜ್‌ಗೆ. ತಂತಿಯ ಕಂಪನ ಮರಕ್ಕೆ ಇಳಿಯುವುದು ಅದರ ಮೂಲಕ ಅಲ್ವಾ? ಬ್ರಿಡ್ಜ್ ಕಾಲಿನ ಕೆಳಗೆ ಒಂದು ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಕಾಲು ಪೂರ್ತಿ ಕೂತಿಲ್ಲ, ನಾದ ಅಲ್ಲೇ ಸೋರುತ್ತಿದೆ. ಕರಿಮರದ ಒಳ್ಳೆ ಬ್ರಿಡ್ಜ್ ತಂದು, ವಾದ್ಯದ ಮೇಲೆ ಸ್ಯಾಂಡ್‌ಪೇಪರ್ ಇಟ್ಟು ಆ ಉಬ್ಬಿಗೆ ಸರಿಯಾಗಿ ಕಾಲು ತೀಡಿಸಿ ಕೂರಿಸಿದರೆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ತೀಡಿಸದೆ ಹಾಗೇ ಇಟ್ಟರೆ ಎಷ್ಟು ದುಬಾರಿಯದಾದರೂ ದಂಡ.

ಕೀಗಳು ನಿಜಕ್ಕೂ ಸವೆದಿದ್ದರೆ ಮಾತ್ರ ಬದಲಾಯಿಸಿ, ಅಳತೆ ತಗೊಂಡೇ ಕೊಳ್ಳಿ. ಕಡ್ಡಿಯಿಂದ ಕಡ್ಡಿಗೆ ಸಾಮಾನ್ಯವಾಗಿ 23 ಮಿ.ಮೀ. ಇರುತ್ತದೆ, ಅಗ್ಗದ ವಾದ್ಯಗಳಲ್ಲಿ ಬೇರೆಯೂ ಇರಬಹುದು. ಒಂದು ಮಿಲಿಮೀಟರ್ ತಪ್ಪಿದರೂ ತೂತು ಕೊರೆಯಬೇಕಾಗುತ್ತದೆ. ಟೇಲ್‌ಪೀಸ್ ಬೇಡವೇ ಬೇಡ. ಅದು ಕಿಣಿಕಿಣಿ ಅಂದರೆ ಮುಚ್ಚಳದ ಕೆಳಗೆ ಚೂರು ಫೆಲ್ಟ್ ಬಟ್ಟೆ ಸಿಕ್ಕಿಸಿ.

ಒಂದು ಎಚ್ಚರಿಕೆ. ಖರ್ಚಿಗೆ ಮೊದಲು ಕುತ್ತಿಗೆಯನ್ನು ತುದಿಯಿಂದ ಕಣ್ಣು ಹಾಯಿಸಿ ನೋಡಿ, ತಿರುಚಿದೆಯಾ ಅಂತ. ಬ್ರಿಡ್ಜ್ ಕೆಳಗಿನ ಮರ ಕುಸಿದಿದೆಯಾ ನೋಡಿ. ಇವೆರಡರಲ್ಲಿ ಒಂದಿದ್ದರೂ ಆ ವಾದ್ಯಕ್ಕೆ ಒಂದು ರೂಪಾಯಿಯೂ ಹಾಕಬೇಡಿ, ಕೂಡಿಡಿ.

ಪ್ರಶ್ನೆ: ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಜೋಡಿ ತಂತಿಯಲ್ಲಿ ಗಮಕ ಎಳೆಯಲು (ತಂತಿ ಎಳೆದು ಸ್ವರ ಓಲಾಡಿಸಲು) ಆಗುತ್ತಿಲ್ಲ. ಎಲೆಕ್ಟ್ರಿಕ್ ತಗೊಳ್ಳಬೇಕಾ?
– ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಕಷ್ಟ ನಿಜವಾದದ್ದೇ. ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಯು. ಶ್ರೀನಿವಾಸ್ (1969–2014) ಹಿಡಿದದ್ದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ. ಆದರೂ ಅಂಗಡಿಗೆ ಹೋಗುವ ಮೊದಲು, ಇರುವ ವಾದ್ಯದಲ್ಲೇ ಪ್ರತಿ ಜೋಡಿಯಿಂದ ಒಂದೊಂದು ತಂತಿ ತೆಗೆದು ಒಂದು ತಿಂಗಳು ಸಾಧನೆ ಮಾಡಿ. ಸದ್ದು ಕಡಿಮೆಯಾಗುತ್ತದೆ, ಕಲಿಯುವಾಗ ಅದು ತೊಂದರೆಯಲ್ಲ. ಬೆರಳಿಗೆ ಹಿತ ಅನ್ನಿಸಿದರೆ ಆಗ ಎಲೆಕ್ಟ್ರಿಕ್ ಯೋಚನೆ ಮಾಡಿ, ನಿಮ್ಮ ಗುರುಗಳನ್ನೂ ಕೇಳಿ. ಇಷ್ಟವಾಗದಿದ್ದರೆ ಹೊಸ ಸೆಟ್ ತಂತಿ ಹಾಕಿ ಮೊದಲಿನಂತೆ ಮಾಡಿಕೊಳ್ಳಬಹುದು.