ಬೆಂಗಳೂರಿನಲ್ಲಿ ನಿಂತಿರುವ ಸ್ಕೂಲ್ ಬಸ್ ಎದುರಾದರೆ ಗಾಡಿ ಹೇಗೆ ಓಡಿಸಬೇಕು?

ಹಿಂದೆಯೇ ನಿಂತುಬಿಡಿ. ಎಡಗಡೆ ಸಂದಿಯಲ್ಲಿ ಬೈಕ್ ನುಗ್ಗಿಸಲೇಬೇಡಿ, ಬಾಗಿಲು ಇರುವುದೇ ಆ ಕಡೆ. ಬಲಗಡೆಯಿಂದ ಓವರ್‌ಟೇಕ್ ಮಾಡುವುದೂ ಅಷ್ಟೇ ಅಪಾಯ. ಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ದಿನಾ ನೋಡುತ್ತೇನೆ: ಕತ್ತಿಗೆ ವಾಟರ್ ಬಾಟಲ್ ನೇತುಹಾಕಿಕೊಂಡ ಪುಟ್ಟ ಹುಡುಗಿ ಇಳಿದವಳೇ ಬಸ್ಸಿನ ಮುಂದಿನಿಂದ ಎದುರು ಮನೆಗೆ ಓಡುತ್ತಾಳೆ. ಅವಳ ತಲೆ ಬಸ್ಸಿನ ಹೆಡ್‌ಲೈಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಹಿಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಒತ್ತುವುದಕ್ಕೂ ಸಮಯ ಸಿಗಲ್ಲ.

ಸುಮ್ನೆ ಹಾರ್ನ್ ಹೊಡೆಯಬೇಡಿ, ಮಕ್ಕಳು ಗಾಬರಿಯಾಗಿ ಎತ್ತಲೋ ಓಡುತ್ತಾರೆ. ಆಯಾ ಹತ್ತಿ, ಬಾಗಿಲು ಹಾಕಿ, ಬಸ್ ಹೊರಡುವವರೆಗೂ ಕಾಯಿರಿ. ಆಮೇಲೂ ಯಾರಾದರೂ ರಸ್ತೆ ದಾಟುತ್ತಿದ್ದಾರಾ ನೋಡಿಕೊಂಡು ನಿಧಾನಕ್ಕೆ ಹೊರಡಿ.