ಗಂಜಿ, ಒಂದೆಲಗ, ಕಾಲ್ಬೆರಳು, ಕವಳ: ಮಳೆಗಾಲದ ನಾಲ್ಕು ಪ್ರಶ್ನೆಗಳು

ಬೇಸಿಗೆಯಲ್ಲಿ ನನಗೆ ಬರುವ ಪ್ರಶ್ನೆಗಳೆಲ್ಲ ಮುರುಗಲು ಪಾನಕ, ಎಳನೀರಿನ ಬಗ್ಗೆ ಇರುತ್ತವೆ. ಮಳೆ ಹಿಡಿದ ಕೂಡಲೇ ಗಂಜಿ, ಒಣಮೀನು, ಕಾಲಿನ ತುರಿಕೆ ಶುರು. ಈ ಸಲ ನಾಲ್ಕು ಪ್ರಶ್ನೆ ಆರಿಸಿದ್ದೇನೆ. ಕೊನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 62 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ, ಮಾತ್ರೆ ನಡೆಯುತ್ತಿದೆ. ಚಿಕ್ಕಂದಿನಿಂದ ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡವರು. ಬೆಂಗಳೂರಿನಲ್ಲಿರುವ ಅಕ್ಕ, ಅನ್ನ ಪೂರ್ತಿ ಬಿಡಿಸಿ ಚಪಾತಿ ಕೊಡು ಅನ್ನುತ್ತಾಳೆ. ಅಮ್ಮ ಚಪಾತಿ ಮುಟ್ಟುವುದಿಲ್ಲ, ಎಷ್ಟೋ ಸಲ ಹಾಗೇ ಮಲಗಿಬಿಡುತ್ತಾರೆ. ಏನು ಮಾಡಲಿ? (ಕುಮಟಾದಿಂದ)

ಉತ್ತರ: ತಮ್ಮಾ, ಮೊದಲು ಆ ಉಪವಾಸ ನಿಲ್ಲಿಸಿ. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ರಾತ್ರಿ ಬಚ್ಚಲಿಗೆ ಎದ್ದವರು ತಲೆ ತಿರುಗಿ ಬೀಳುತ್ತಾರೆ. ಅನ್ನ ಉಣ್ಣುವುದಕ್ಕಿಂತ ಇದು ದೊಡ್ಡ ಅಪಾಯ.

ಇನ್ನು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುತ್ತಾರೆ ಅಲ್ವಾ? ಹಾಗೆ ಬೇಯುವಾಗ ಹೊರಪದರದಲ್ಲಿದ್ದ ಬಿ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ. ಪಿಷ್ಟವೂ ಗಟ್ಟಿಯಾಗುತ್ತದೆ. ಹಾಗಾಗಿ ಬೆಳ್ತಿಗೆ ಅನ್ನಕ್ಕಿಂತ ಇದು ಸ್ವಲ್ಪ ನಿಧಾನವಾಗಿ ಕರಗುತ್ತದೆ. ಆದರೆ ಇದೂ ಅಕ್ಕಿಯೇ. ಕುಚ್ಚಲಕ್ಕಿ ಅಂತ ಎರಡು ಸಲ ಬಡಿಸಿಕೊಂಡರೆ ಸಕ್ಕರೆ ಏರಿಯೇ ಏರುತ್ತದೆ. ಕಾಳು ಒಡೆದು ಹಿಟ್ಟಿನಂತಾಗುವವರೆಗೆ ಬೇಯಿಸಿದ ಗಂಜಿ ಇನ್ನೂ ಬೇಗ ಏರಿಸುತ್ತದೆ. ಅಗುಳು ಅಗುಳಾಗಿ ಇರುವಾಗಲೇ ಇಳಿಸಿ.

ಅಕ್ಕ ಹೇಳಿದ ಚಪಾತಿಯಲ್ಲೂ ಪಿಷ್ಟವೇ ಇರುವುದು. ಒಂದು ಸಣ್ಣ ಬಟ್ಟಲು ಅನ್ನಕ್ಕೆ ಹೆಚ್ಚುಕಡಿಮೆ ಎರಡು ಚಪಾತಿ ಸಮ. ನಾಲ್ಕು ಚಪಾತಿ ತಿಂದು ಅನ್ನ ಬಿಟ್ಟೆ ಅನ್ನುವವರನ್ನು ದಿನಾ ನೋಡುತ್ತೇನೆ. ಅಮ್ಮನಿಗೆ ಇಷ್ಟವಿಲ್ಲದ ಊಟ ಹೇರಬೇಡಿ. ಒಂದೇ ಬಟ್ಟಲು ಗೊತ್ತುಮಾಡಿ, ಪ್ರತಿದಿನ ಅದರಲ್ಲೇ ಅಳೆದು ಬಡಿಸಿ. ಮೊದಲು ಬಸಳೆ, ಹರಿವೆ, ಬೆಂಡೆಕಾಯಿ ಯಾವುದಾದರೂ ಪಲ್ಯ ಮತ್ತು ಮೀನು ತಿನ್ನಲಿ, ಅನ್ನ ಆಮೇಲೆ. ಹೊಟ್ಟೆ ಅರ್ಧ ತುಂಬಿದ ಮೇಲೆ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಊಟವಾಗಿ ಎರಡು ಗಂಟೆ ಬಿಟ್ಟು ಒಮ್ಮೆ ಸಕ್ಕರೆ ನೋಡಿ. ಅವರ ಮೈಗೆ ಎಷ್ಟು ಅನ್ನ ಒಗ್ಗುತ್ತದೆ ಅಂತ ಅದೇ ಹೇಳುತ್ತದೆ. ಆ ಲೆಕ್ಕ ಬರೆದಿಟ್ಟು ನಿಮ್ಮ ಡಾಕ್ಟರ್‌ಗೆ ತೋರಿಸಿ. ಮಾತ್ರೆ ಮಾತ್ರ ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಮೀನಿನ ವಿಷಯದಲ್ಲಿ ಅಮ್ಮ ಪುಣ್ಯವಂತರು. ಬಂಗಡೆ, ತಾರ್ಲೆ ಎರಡರಲ್ಲೂ ಹೃದಯಕ್ಕೆ ಬೇಕಾದ ಒಮೆಗಾ 3 ಕೊಬ್ಬು ಚೆನ್ನಾಗಿದೆ. ಹೊರಗಿನಿಂದ ಬರುವ ದುಬಾರಿ ಮೀನು ಹುಡುಕುವುದೇ ಬೇಡ. ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಇರುವಾಗ ಎಣ್ಣೆಯಲ್ಲಿ ಮುಳುಗಿಸಿ ಹುರಿಯುವ ಅಗತ್ಯವೂ ಇಲ್ಲ.

ನನಗೆ ಚಿಂತೆ ಇರುವುದು ಒಣಮೀನಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಹಸಿಮೀನು ಸಿಗದೆ ಮನೆಮನೆಯಲ್ಲೂ ಒಣಮೀನು, ಉಪ್ಪಿನಕಾಯಿ. ಆ ಎರಡು ತಿಂಗಳಲ್ಲಿ ಬಿಪಿ ಏರಿಸಿಕೊಂಡು ಬರುವವರನ್ನು ಪ್ರತಿ ಮಳೆಗಾಲ ನೋಡುತ್ತಿದ್ದೇನೆ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಸೇರಿ ಒಂದು ಟೀ ಚಮಚ. ಅಮ್ಮನಿಗೆ ಒಣಮೀನು ಕೊಡುವುದೇ ಆದರೆ ವಾರಕ್ಕೊಮ್ಮೆ, ನೀರಲ್ಲಿ ನೆನೆಸಿ, ಎರಡು ಸಲ ನೀರು ಚೆಲ್ಲಿ, ಒಂದು ತುಂಡು. ಅವತ್ತು ಉಪ್ಪಿನಕಾಯಿ ಬೇಡ. ಉಳಿದ ದಿನ ಮೊಟ್ಟೆ, ಹೆಸರುಕಾಳು, ಮಡಕೆಕಾಳು ಮಾಡಿ.

ಪ್ರಶ್ನೆ: ಮಗ ಹತ್ತನೇ ತರಗತಿ. ನೆನಪಿನ ಶಕ್ತಿಗೆ ದಿನಾ ಒಂದೆಲಗದ ತಂಬುಳಿ ಕೊಡಬಹುದಾ? (ಶಿರಸಿಯಿಂದ)

ಉತ್ತರ: ಧಾರಾಳವಾಗಿ ಕೊಡಿ ತಂಗಿ, ಆದರೆ ಅಂಕ ಬರುತ್ತದೆ ಅಂತ ಕೊಡಬೇಡಿ. ಮಜ್ಜಿಗೆ, ಕಾಯಿತುರಿ, ಜೀರಿಗೆ, ಕಾಳುಮೆಣಸು, ಒಂದು ಹಿಡಿ ಸೊಪ್ಪು. ಊಟಕ್ಕೆ ಅದು ಒಳ್ಳೆಯ ಜೊತೆ, ಹೊಟ್ಟೆಗೂ ಹಿತ. ಮಗನ ನೆನಪು ನಿಲ್ಲುವುದು ನಿದ್ದೆಯಿಂದ. ಆ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ತಂಬುಳಿ ಬಡಿಸಿದರೆ ಏನೂ ಉಪಯೋಗವಿಲ್ಲ.

ಒಂದು ಎಚ್ಚರ. ಒಂದೆಲಗ ಬೆಳೆಯುವುದು ತೋಟದ ಕಾದಿಗೆ, ಗದ್ದೆಯ ಬದುವಿನಂಥ ಒದ್ದೆ ಜಾಗದಲ್ಲಿ. ಅಲ್ಲಿ ಇಲಿ, ದನ ಎಲ್ಲ ಓಡಾಡುತ್ತವೆ. ನೀರು ಬದಲಿಸಿ ಮೂರ್ನಾಲ್ಕು ಸಲ ತೊಳೆಯಿರಿ. ಮಳೆಗಾಲದಲ್ಲಿ ಹಸಿಯಾಗಿ ಅರೆಯುವ ಬದಲು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ ಅರೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಗದ್ದೆ ನಾಟಿಗೆ ಹೋಗುತ್ತೇನೆ. ಕಾಲ್ಬೆರಳ ಸಂದು ಬೆಳ್ಳಗಾಗಿ ಸುಲಿದು ವಿಪರೀತ ತುರಿಕೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ಕಡಿಮೆ, ಆಮೇಲೆ ಮೊದಲಿಗಿಂತ ಜಾಸ್ತಿ. (ಅಂಕೋಲಾದಿಂದ)

ಉತ್ತರ: ಆ ಟ್ಯೂಬ್ ಇವತ್ತೇ ನಿಲ್ಲಿಸಿ ಅಕ್ಕಾ. ನೀವು ಹೇಳಿದ ರೀತಿ ನೋಡಿದರೆ ಅದರಲ್ಲಿ ಸ್ಟೆರಾಯ್ಡ್ ಇರಬೇಕು. ಅದು ತುರಿಕೆಯನ್ನು ಅಡಗಿಸುತ್ತದೆ, ಒಳಗಿನ ಶಿಲೀಂಧ್ರಕ್ಕೆ ಮಾತ್ರ ಹಬ್ಬ. ಶಿಲೀಂಧ್ರಕ್ಕೇ ಇರುವ ಮುಲಾಮು ಡಾಕ್ಟರ್ ಬರೆದುಕೊಡುತ್ತಾರೆ. ತುರಿಕೆ ನಿಂತಿತು ಅಂತ ಮಧ್ಯದಲ್ಲಿ ಬಿಡದೆ ಹೇಳಿದಷ್ಟು ದಿನ ಹಚ್ಚಿ.

ಕೊಬ್ಬರಿ ಎಣ್ಣೆ ಒಡೆದ ಹಿಮ್ಮಡಿಗೆ ಒಳ್ಳೆಯದು, ಬೆರಳ ಸಂದಿಗಲ್ಲ. ಅಲ್ಲಿ ಬೇಕಾಗಿರುವುದು ಒಣಗುವುದು. ಗದ್ದೆಯಿಂದ ಬಂದ ಕೂಡಲೇ ಸೋಪು ಹಚ್ಚಿ ತೊಳೆದು, ಹಳೆ ಪಂಚೆಯ ತುಂಡಿನಿಂದ ಒಂದೊಂದೇ ಬೆರಳು ಬಿಡಿಸಿ ಒರೆಸಿ. ಆ ಬಟ್ಟೆಯನ್ನು ಬೇರೆ ಯಾರೂ ಬಳಸಬಾರದು. ಬಚ್ಚಲ ಒಲೆಯ ಮುಂದೆ ಹತ್ತು ನಿಮಿಷ, ಸುಡದಷ್ಟು ದೂರದಲ್ಲಿ, ಕಾಲು ಚಾಚಿ ಕೂರಿ. ನಿಮಗೂ ಅಷ್ಟು ವಿಶ್ರಾಂತಿ ಸಿಗಲಿ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ಇಲಿ ಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ ಆ ರೋಗಾಣು ಒಳಗೆ ಬರುವುದೇ ಇಂಥ ಒಡೆದ, ನೆನೆದ ಚರ್ಮದಿಂದ. ಸಂದು ಸುಲಿದಿರುವಾಗ ಗಂಬೂಟು ಇಲ್ಲದೆ ಗದ್ದೆಗೆ ಇಳಿಯಬೇಡಿ. ಜ್ವರ ಬಂದು, ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಕಂಡರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಗದ್ದೆ ಕೆಲಸ ಮಾಡುತ್ತೇನೆ ಅಂತ ಮೊದಲೇ ಹೇಳಿ. ಬೇಗ ಔಷಧಿ ಶುರುವಾದರೆ ಸುಲಭವಾಗಿ ಗುಣವಾಗುವ ಕಾಯಿಲೆ ಅದು. ತಡವಾದರೆ ಕಿಡ್ನಿ, ಯಕೃತ್ತಿಗೆ ಇಳಿಯುತ್ತದೆ.

ಪ್ರಶ್ನೆ: ನನಗೆ 48. ಊಟದ ಮೇಲೆ ಕವಳ ಹಾಕುವ ಅಭ್ಯಾಸ, ದಿನಕ್ಕೆ ಏಳೆಂಟು. ನಾನೂ, ತಮ್ಮನೂ ಹೊಗೆಸೊಪ್ಪು ಮುಟ್ಟುವುದಿಲ್ಲ. ಬರೀ ಎಲೆ, ಅಡಿಕೆ, ಸುಣ್ಣ. ಜೀರ್ಣಕ್ಕೆ ಒಳ್ಳೆಯದು ಅಂತಾರೆ. ಆದರೆ ಈಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ, ದೊಡ್ಡ ತುತ್ತು ಹಿಡಿಯುವುದಿಲ್ಲ. (ಸಿದ್ದಾಪುರದಿಂದ)

ಉತ್ತರ: ನಾನೂ ಅಡಿಕೆ ತೋಟದ ಮನೆಯವನು. ಆ ಬೆಳೆಯ ದುಡ್ಡಿನಲ್ಲೇ ಓದಿದವನು. ಜಗಲಿಯ ಮೇಲಿನ ಕವಳದ ಬಟ್ಟಲು ಇಲ್ಲದ ಮನೆಯನ್ನು ಚಿಕ್ಕಂದಿನಲ್ಲಿ ಕಂಡಿಲ್ಲ. ಹಾಗಾಗಿ ಇದನ್ನು ಹೇಳಲು ನನಗೆ ಸುಲಭವಿಲ್ಲ. ಆದರೂ ಹೇಳಬೇಕು: ಕವಳ ಪೂರ್ತಿ ಬಿಡಿ. ಏಳಿದ್ದದ್ದನ್ನು ಎರಡು ಮಾಡುತ್ತೇನೆ ಅನ್ನಬೇಡಿ.

ಹೊಗೆಸೊಪ್ಪು ಇಲ್ಲದಿದ್ದರೆ ತೊಂದರೆಯಿಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಅದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಇಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಸುಣ್ಣ ಆ ಪದರವನ್ನು ಸುಟ್ಟು ದಾರಿ ಮಾಡಿಕೊಡುತ್ತದೆ. ಮೆತ್ತಗಿದ್ದ ಕೆನ್ನೆ ಬರಬರುತ್ತ ಬಿಗಿದ ತೊಗಲಿನಂತಾಗುತ್ತದೆ. ಮೊದಲ ಲಕ್ಷಣವೇ ಖಾರಕ್ಕೆ ಉರಿ. ಮುಂದೆ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಇಂಥ ಬಾಯಿಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ.

ಕೆಲವು ವರ್ಷದ ಹಿಂದೆ ಒಬ್ಬ ತೋಟದವರು ಹಲ್ಲುನೋವು ಅಂತ ಬಂದಿದ್ದರು. ಬಾಯಿ ತೆರೆಯಿರಿ ಅಂದರೆ ನನ್ನ ಟಾರ್ಚಿನ ಬೆಳಕು ಒಳಗೆ ಹೋಗುವಷ್ಟೂ ತೆರೆಯಲಿಲ್ಲ. ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಹೀಗೆ ಏನಾಗಿದೆ ಅಂತ ಅವರೇ ನನ್ನನ್ನು ಕೇಳಿದರು. ಪಕ್ಕದಲ್ಲಿದ್ದ ಹೆಂಡತಿ ನಿಧಾನವಾಗಿ ಹೇಳಿದರು: "ಇವರು ಹಲಸಿನ ತೊಳೆಯನ್ನು ಉದ್ದಕ್ಕೆ ಸೀಳಿಸಿಕೊಂಡು ತಿನ್ನಲು ಶುರುಮಾಡಿ ಎರಡು ವರ್ಷವಾಯಿತು." ದೋಸೆಯನ್ನು ಬೆರಳಿನಷ್ಟು ಅಗಲಕ್ಕೆ ಹರಿದುಕೊಳ್ಳುತ್ತಿದ್ದರಂತೆ. ಬಾಯಿ ಸಣ್ಣಗಾದ ಹಾಗೆಲ್ಲ ತುತ್ತು ಸಣ್ಣ ಮಾಡಿಕೊಂಡಿದ್ದರು, ಅದು ಕಾಯಿಲೆ ಅಂತ ಹೊಳೆದೇ ಇರಲಿಲ್ಲ. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನೀವು ದೊಡ್ಡ ತುತ್ತು ಹಿಡಿಯುವುದಿಲ್ಲ ಅಂತ ಬರೆದದ್ದು ಓದಿ ಅದೇ ನೆನಪಾಯಿತು.

ಈಗಲೇ ಕನ್ನಡಿ ಮುಂದೆ ನಿಲ್ಲಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಮೂರೂ ಹೋಗಬೇಕು. ಎರಡೇ ಹೋದರೆ ಬಾಯಿ ಆಗಲೇ ಬಿಗಿದಿದೆ. ಕೆನ್ನೆಯ ಒಳಗೆ, ನಾಲಿಗೆಯ ಅಡಿಗೆ ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ ನೋಡಿ. ಬೆರಳು ಮೂರೂ ಹೋದರೂ ಸುಮ್ನೆ ಕೂರಬೇಡಿ, ನಿಮಗೆ ಉರಿ ಶುರುವಾಗಿದೆ.

ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಕವಳ ಬಿಟ್ಟರೆ ಮುಂದೆ ಬಿಗಿಯುವುದನ್ನು ತಡೆಯಬಹುದು, ಚಿಕಿತ್ಸೆ ಮತ್ತು ಬಾಯಿಯ ವ್ಯಾಯಾಮದಿಂದ ತೆರೆಯುವುದನ್ನು ಸುಧಾರಿಸಬಹುದು. ಜೀರ್ಣಕ್ಕೆ ಊಟದ ಕೊನೆಯ ಮಜ್ಜಿಗೆ ಸಾಕು. ಮೊದಲ ಕೆಲವು ವಾರ ಬಾಯಿ ಖಾಲಿ ಅನಿಸುತ್ತದೆ, ತಲೆನೋವು, ಸಿಡಿಮಿಡಿ ಇರುತ್ತದೆ. ಜೇಬಿನಲ್ಲಿ ಬಡೇಸೋಪು ಇಟ್ಟುಕೊಳ್ಳಿ. ಊಟವಾದ ಕೂಡಲೇ ಜಗಲಿಗೆ ಬರದೆ ತೋಟಕ್ಕೊಂದು ಸುತ್ತು ಹೋಗಿ ಬನ್ನಿ.

ಈ ವಾರವೇ ಹಲ್ಲಿನ ಡಾಕ್ಟರ್‌ಗೆ ಬಾಯಿ ತೋರಿಸಿ. ಹೋಗುವಾಗ ನಿಮ್ಮ ತಮ್ಮನನ್ನೂ ಕರೆದುಕೊಂಡು ಹೋಗಿ.